ಐವತ್ತರ ಗಂಡಸರು ಕೂದಲು ಬಿಡುವುದೇಕೆ?

ಪ್ರಶ್ನೆ: ನಮ್ಮ ಮನೆಯವರಿಗೆ ಈಗ ಐವತ್ತೊಂದು ವರ್ಷ. ತಿಂಗಳಿಗೊಮ್ಮೆ ತಪ್ಪದೆ ಕಟಿಂಗ್ ಮಾಡಿಸುತ್ತಿದ್ದವರು ಒಂದು ವರ್ಷದಿಂದ ಕ್ಷೌರದಂಗಡಿಯ ಕಡೆ ತಲೆ ಹಾಕಿಲ್ಲ. ಕೂದಲು ಕತ್ತಿಗೆ ಇಳಿದಿದೆ. ಯಾಕೆ ಅಂದರೆ "ಸುಮ್ಮನೆ, ಇರಲಿ ಬಿಡು" ಅನ್ನುತ್ತಾರೆ. ನೆಂಟರು ಸಿಕ್ಕಾಗಲೆಲ್ಲ "ಏನು, ಹರಕೆನಾ?" ಎಂದು ನನ್ನನ್ನು ಕೇಳುತ್ತಾರೆ. ಈ ವಯಸ್ಸಿನಲ್ಲಿ ಗಂಡಸರಿಗೆ ಇಂಥ ಆಸೆ ಏಕೆ ಹುಟ್ಟುತ್ತದೆ? ಕೂದಲು ಇನ್ನೂ ಉದ್ದ ಬೆಳೆಯುತ್ತದೆಯೇ? ಬಚ್ಚಲುಮನೆಯಲ್ಲಿ ಈಗ ಕೂದಲೋ ಕೂದಲು. ಉದ್ದ ಬಿಟ್ಟರೆ ಬೇಗ ಬೋಳಾಗುತ್ತದೆಯೇ?
ಓದುಗರೊಬ್ಬರು, ಹಾಸನ

ಉತ್ತರ: ಇದು ಅನೇಕ ಮನೆಗಳಲ್ಲಿ ಹುಟ್ಟಿ, ಯಾರೂ ಬಾಯಿಬಿಟ್ಟು ಕೇಳದೆ ಉಳಿಯುವ ಸಂದೇಹ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ: ಕೂದಲು ಎಷ್ಟು ಬೆಳೆಯುತ್ತದೆ, ಉದ್ದ ಬಿಟ್ಟರೆ ಉದುರುವುದು ಹೆಚ್ಚುತ್ತದೆಯೇ, ಮತ್ತು ಈ ಆಸೆ ಈಗ ಏಕೆ. ದೇಹದ ಲೆಕ್ಕ ಮೊದಲು ಗೊತ್ತಾದರೆ ಮನಸ್ಸಿನ ವಿಷಯ ತಿಳಿಯುವುದು ಸುಲಭ. ಆದ್ದರಿಂದ ಅದೇ ಕ್ರಮದಲ್ಲಿ ಹೋಗೋಣ.

ಕೂದಲು ಎಷ್ಟು ಉದ್ದ ಬೆಳೆಯುತ್ತದೆ?

ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದು ಕೂದಲೂ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಅಂದರೆ ವರ್ಷಕ್ಕೆ 12ರಿಂದ 15 ಸೆಂಟಿಮೀಟರು. ನಿಮ್ಮ ಯಜಮಾನರ ಕೂದಲು ಒಂದು ವರ್ಷದಲ್ಲಿ ಕತ್ತಿಗೆ ಬಂದದ್ದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಭುಜ ದಾಟಬೇಕಾದರೆ ಇನ್ನೂ ಒಂದು ವರ್ಷವಾದರೂ ಬೇಕು.

ಆದರೆ ಕೂದಲು ಎಲ್ಲಿಯವರೆಗೆ ಇಳಿಯುತ್ತದೆ ಎನ್ನುವುದು ವೇಗಕ್ಕಿಂತ ಹೆಚ್ಚಾಗಿ ಅವಧಿಯನ್ನು ನೆಚ್ಚಿಕೊಂಡಿದೆ. ಪ್ರತಿ ಕೂದಲಿಗೂ ಒಂದು ಆಯಸ್ಸಿದೆ. ಮೊದಲು ಬೆಳೆಯುವ ಹಂತ, ಇದು ತಲೆಗೂದಲಿಗೆ ಸಾಮಾನ್ಯವಾಗಿ 2ರಿಂದ 6 ವರ್ಷ. ಆಮೇಲೆ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲುತ್ತದೆ. ಅದಾದ ಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿ. ಕೊನೆಗೆ ಹಳೆಯದು ಉದುರಿ, ಅದೇ ಬುಡದಲ್ಲಿ ಹೊಸದು ಹುಟ್ಟುತ್ತದೆ. ಒಂದೇ ವೇಗದಲ್ಲಿ ಹಾಸನದಿಂದ ಹೊರಟ ಎರಡು ಬಸ್ಸುಗಳಲ್ಲಿ ಒಂದು ಅರಸೀಕೆರೆಗೇ ನಿಲ್ಲುತ್ತದೆ, ಇನ್ನೊಂದು ಹುಬ್ಬಳ್ಳಿಯವರೆಗೆ ಹೋಗುತ್ತದೆ. ಬೆಳೆಯುವ ಹಂತ ಎರಡೇ ವರ್ಷದ್ದಾದವರ ಕೂದಲು ಭುಜದ ಹತ್ತಿರಕ್ಕೆ ನಿಲ್ಲುವುದೂ, ಆರು ವರ್ಷದ್ದಾದವರದು ಸೊಂಟಕ್ಕೆ ಇಳಿಯುವುದೂ ಹೀಗೆಯೇ. ಹುಬ್ಬಿನ ಕೂದಲಿಗೆ ಈ ಹಂತ ಕೆಲವೇ ತಿಂಗಳಿನದು. ಅದಕ್ಕೇ ಕತ್ತರಿ ತಾಗದಿದ್ದರೂ ಹುಬ್ಬು ಜಡೆಯಾಗುವುದಿಲ್ಲ.

ವಯಸ್ಸಾದಂತೆ ಈ ಬೆಳೆಯುವ ಹಂತ ಮೆಲ್ಲಗೆ ಕಿರಿದಾಗುತ್ತದೆ, ಕೂದಲಿನ ಎಳೆಯೂ ತೆಳುವಾಗುತ್ತದೆ. ಆದ್ದರಿಂದ ಐವತ್ತೊಂದರಲ್ಲಿ ಕೂದಲು ಖಂಡಿತ ಉದ್ದ ಬೆಳೆಯುತ್ತದೆ. ಇಪ್ಪತ್ತರಲ್ಲಿ ಬೆಳೆಯಬಹುದಾಗಿದ್ದಷ್ಟು ಉದ್ದ, ಅಷ್ಟೇ ದಟ್ಟವಾಗಿ ಬೆಳೆಯದಿರಬಹುದು, ಅಷ್ಟೆ.

ಉದ್ದ ಬಿಟ್ಟರೆ ಬೋಳಾಗುತ್ತದೆಯೇ?

ಇಲ್ಲ. ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ನಿಮ್ಮ ಯಜಮಾನರ ಕೂದಲು ಗಿಡ್ಡವಾಗಿದ್ದಾಗಲೂ ಹೀಗೇ ಉದುರುತ್ತಿತ್ತು. ಆಗ ಬೆರಳುದ್ದದ ತುಂಡುಗಳು ನೀರಿನ ಜೊತೆ ಮೋರಿಗೆ ಹೋಗುತ್ತಿದ್ದವು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಅದೇ ಎಣಿಕೆಯ ಕೂದಲು ಗೇಣುದ್ದವಾಗಿ ಜಾಲರಿಗೆ ಸುತ್ತಿಕೊಂಡು ಉಂಡೆಯಾಗಿ ಕಾಣುತ್ತದೆ. ಉದ್ದ ಕೂದಲಿರುವ ನಿಮಗೆ ನಿಮ್ಮ ಬಾಚಣಿಗೆಯಲ್ಲಿ ಇದು ಅಭ್ಯಾಸವಾಗಿರುತ್ತದೆ. ಅವರದು ಹೊಸದಾಗಿ ಕಂಡದ್ದರಿಂದ ಗಾಬರಿ. ಎಣಿಕೆ ಹೆಚ್ಚಾಗಿರಲೇಬೇಕೆಂದಿಲ್ಲ, ಉದ್ದ ಹೆಚ್ಚಾಗಿದೆ.

ಇನ್ನೊಂದು ಕಡೆ, "ಕತ್ತರಿಸುತ್ತಾ ಇದ್ದರೆ ದಟ್ಟವಾಗಿ ಬರುತ್ತದೆ" ಎಂಬ ಮಾತೂ ಇದೆ. ಕೂದಲು ಹುಟ್ಟುವುದು ಚರ್ಮದ ಒಳಗಿರುವ ಬುಡದಲ್ಲಿ. ನಾವು ಕತ್ತರಿಸುವುದು ಹೊರಗಿನ ಜೀವವಿಲ್ಲದ ಭಾಗವನ್ನು. ಕತ್ತರಿ ಆಡಿಸಿದ ಸುದ್ದಿ ಬುಡಕ್ಕೆ ತಲುಪುವುದೇ ಇಲ್ಲ. ಬೋಳಿಸಿದ ಮೇಲೆ ಬಂದ ಕೂದಲು ಒರಟಾಗಿ ಕಾಣುವುದು ಅದರ ತುದಿ ಮೊಂಡಾಗಿರುವುದರಿಂದ.

ಹಾಗಾದರೆ ಗಂಡಸರ ತಲೆ ಬೋಳಾಗುವುದು ಏಕೆ? ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನಿಂದ ದೇಹದಲ್ಲಿ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು ತಯಾರಾಗುತ್ತದೆ. ಹುಟ್ಟಿನಿಂದಲೇ ಅದಕ್ಕೆ ಸುಲಭವಾಗಿ ಮಣಿಯುವ ಗುಣ ಇರುವವರಲ್ಲಿ, ಹಣೆಯ ಎರಡು ಬದಿಯ ಮತ್ತು ನೆತ್ತಿಯ ಕೂದಲಿನ ಬುಡಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತವೆ. ಬೆಳೆಯುವ ಹಂತ ಗಿಡ್ಡವಾಗಿ, ದಪ್ಪ ಕೂದಲಿನ ಜಾಗದಲ್ಲಿ ನವಿರು ಕೂದಲು ಬರುತ್ತದೆ. ಹಿಂದಲೆಯ ಕೂದಲು ಈ ಹಾರ್ಮೋನಿಗೆ ಅಷ್ಟಾಗಿ ಜಗ್ಗುವುದಿಲ್ಲ. ನೆತ್ತಿ ತೆಳುವಾದವರಿಗೂ ಹಿಂದೆ ಕೂದಲು ಚೆನ್ನಾಗಿ ಇಳಿಯುವುದು, ಕೂದಲು ನಾಟಿ ಮಾಡುವಾಗ ವೈದ್ಯರು ಹಿಂದಲೆಯಿಂದಲೇ ತೆಗೆಯುವುದು ಇದೇ ಕಾರಣಕ್ಕೆ. ಇದರಲ್ಲಿ ಕೂದಲಿನ ಉದ್ದಕ್ಕೆ ಯಾವ ಪಾತ್ರವೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ನಿಜ. ಕೂದಲನ್ನು ದಿನವೂ ಬಿಗಿಯಾಗಿ ಎಳೆದು ಒಂದೇ ಜಾಗದಲ್ಲಿ ಕಟ್ಟಿದರೆ, ಎಳೆತಕ್ಕೆ ಸಿಕ್ಕ ಕಡೆ, ಮುಖ್ಯವಾಗಿ ಹಣೆಯಂಚಿನಲ್ಲಿ, ಕೂದಲು ಉದುರುತ್ತದೆ. ವರ್ಷಗಟ್ಟಲೆ ಹಾಗೆಯೇ ನಡೆದರೆ ಆ ಬುಡಗಳು ಮತ್ತೆ ಚಿಗುರುವುದಿಲ್ಲ. ಅದಕ್ಕೆ ಕಾರಣ ಬಿಗಿ ಗಂಟೇ ಹೊರತು ಉದ್ದವಲ್ಲ.

ಈ ವಯಸ್ಸಿನಲ್ಲೇ ಏಕೆ?

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. "ಹರಕೆನಾ?" ಎಂದು ನೆಂಟರು ಕೇಳುವುದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಗಂಡಸು ಕೂದಲು ಬಿಟ್ಟರೆ ಅದಕ್ಕೊಂದು ಕಾರಣ ಇರುತ್ತಿತ್ತು. ತಿರುಪತಿಗೋ ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಮುಡಿ ಕೊಡುವ ಹರಕೆ ಹೊತ್ತವರು ಬಿಡುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನದ ವ್ರತ ಮುಗಿಯುವವರೆಗೆ ಕತ್ತರಿ, ಬ್ಲೇಡು ಮುಟ್ಟುವುದಿಲ್ಲ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದೆಂಬ ಪದ್ಧತಿಯೂ ಅನೇಕ ಮನೆಗಳಲ್ಲಿದೆ. ಇವಕ್ಕೆಲ್ಲ ಒಂದು ಮುಕ್ತಾಯದ ದಿನ ಇರುತ್ತದೆ. ಸುಮ್ಮನೆ ಇಷ್ಟಪಟ್ಟು ಬಿಟ್ಟ ಕೂದಲಿಗೆ ಆ ದಿನ ಇಲ್ಲ. ನೆಂಟರಿಗೆ ಅರ್ಥವಾಗದೆ ಇರುವುದು ಇದೇ.

ಉದ್ದ ಕೂದಲು ಗಂಡಸರಿಗೆ ಹೊಸದೇನೂ ಅಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಅನೇಕ ಮನೆತನಗಳ ಗಂಡಸರು ಮುಂದಲೆ ಬೋಳಿಸಿ, ಹಿಂದೆ ಉದ್ದ ಜುಟ್ಟು ಬಿಟ್ಟು ಗಂಟು ಹಾಕುತ್ತಿದ್ದರು. ಇಂಗ್ಲಿಷ್ ಶಾಲೆ ಮತ್ತು ಸರ್ಕಾರಿ ನೌಕರಿಯ ಜೊತೆ ಕ್ರಾಪು ಬಂದಾಗ, ಜುಟ್ಟು ತೆಗೆಸಿದ ಹುಡುಗರೇ ಮನೆಯಲ್ಲಿ ಬೈಸಿಕೊಂಡವರು. ಸಿಖ್ಖರಲ್ಲಿ 1699ರಲ್ಲಿ ಖಾಲ್ಸಾ ಸ್ಥಾಪನೆಯಾದ ಕಾಲದಿಂದ ಕೂದಲು ಕತ್ತರಿಸದಿರುವುದು ಧರ್ಮದ ಗುರುತು. ಅಂದು ಖಾಲ್ಸಾ ಸೇರಲು ಮೊದಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ಮನೆತನದವರು ಎಂದು ಸಿಖ್ ಸಂಪ್ರದಾಯ ಹೇಳುತ್ತದೆ.

ಕೂದಲಿನ ಅಳತೆಯನ್ನು ಅಧಿಕಾರವೂ ನಿರ್ಧರಿಸಿದೆ. 1645ರಲ್ಲಿ ಚೀನಾದ ಚಿಂಗ್ ಅರಸರು ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಆಜ್ಞೆ ಹೊರಡಿಸಿದರು, ತಪ್ಪಿದವರಿಗೆ ಮರಣದಂಡನೆ. 1970ರ ದಶಕದ ಸಿಂಗಪುರದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಉದ್ದ ಕೂದಲಿನ ಗಂಡಸರ ಕೆಲಸವನ್ನು ಕೊನೆಗೆ ಮಾಡಿಕೊಡಲಾಗುವುದು ಎಂಬ ಫಲಕಗಳು ಅಲ್ಲಿನ ಸರ್ಕಾರಿ ಕಚೇರಿಗಳಲ್ಲಿ ತೂಗುತ್ತಿದ್ದವು.

ಈ ಹಿನ್ನೆಲೆಯಲ್ಲಿ ನಮ್ಮ ನಡುವಿನ ಒಬ್ಬ ಸಾಮಾನ್ಯ ಗಂಡಸಿನ ತಲೆಯನ್ನು ನೋಡಿ. ಚಿಕ್ಕವನಿದ್ದಾಗ ಅಪ್ಪ ಕ್ಷೌರದಂಗಡಿಯಲ್ಲಿ ಕೂರಿಸಿ "ಚೆನ್ನಾಗಿ ಸಣ್ಣ ಮಾಡಿ" ಅನ್ನುತ್ತಾರೆ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಕಿವಿಯ ಮೇಲಿನ ಕೂದಲು ಹಿಡಿದು ಎಳೆಯುತ್ತಾರೆ. ಕೆಲಸ ಸಿಕ್ಕಿದ ಮೇಲೆ ಮೇಲಧಿಕಾರಿಯ ಕಣ್ಣು, ಹೆಣ್ಣು ನೋಡಲು ಹೊರಟಾಗ ಮನೆಯವರ ಕಣ್ಣು, ಮಕ್ಕಳಾದ ಮೇಲೆ ಊರಿನ ಕಣ್ಣು. ಐವತ್ತರ ಹೊತ್ತಿಗೆ ಇವು ಒಂದೊಂದಾಗಿ ಸಡಿಲವಾಗುತ್ತವೆ. ಮಕ್ಕಳು ದೊಡ್ಡವರಾಗಿರುತ್ತಾರೆ, ಕೆಲಸದಲ್ಲಿ ಹೆಸರು ನಿಂತಿರುತ್ತದೆ, ತಲೆ ನೋಡಿ ಯಾರೂ ಅವರನ್ನು ಅಳೆಯುವುದಿಲ್ಲ. ತನ್ನ ಕೂದಲಿನ ಬಗ್ಗೆ ತಾನೇ ತೀರ್ಮಾನಿಸುವ ಅವಕಾಶ ಎಷ್ಟೋ ಗಂಡಸರಿಗೆ ಸಿಗುವುದು ಆಗಲೇ. ಇದನ್ನು ಜನ ವಯಸ್ಸಿನ ಹುಚ್ಚು ಅನ್ನುತ್ತಾರೆ. ನನಗೆ ಇದು ತಡವಾಗಿ ಸಿಕ್ಕ ಒಂದು ಸಣ್ಣ ಸ್ವಾತಂತ್ರ್ಯವಾಗಿ ಕಾಣುತ್ತದೆ.

ಇದಕ್ಕೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಮೊದಲನೆಯದು, ಹಳೆಯ ಆಸೆ. ಈಗ ಐವತ್ತರ ಆಸುಪಾಸಿನಲ್ಲಿರುವವರು 1998ರಲ್ಲಿ ‘ಎ’ ಚಿತ್ರದಲ್ಲಿ ಉದ್ದ ಕೂದಲಿನ ಉಪೇಂದ್ರ ಅವರನ್ನು ನೋಡಿ ಬೆರಗಾದ ತರುಣರು. ಬಯಕೆ ಇತ್ತು, ಬಿಡುವ ಹಾಗಿರಲಿಲ್ಲ. ಎರಡನೆಯದು, 2020ರ ಲಾಕ್‌ಡೌನ್. ಕ್ಷೌರದಂಗಡಿಗಳು ಮುಚ್ಚಿದ್ದಾಗ ತಮ್ಮ ಕೂದಲು ಗುಂಗುರೋ ನೇರವೋ ಎಂಬುದನ್ನು ಮೊದಲ ಸಲ ಕಂಡವರು ಬಹಳ ಜನ. ಮೂರನೆಯದು, ಆಗಲೇ ಹೇಳಿದ ದೇಹದ ಲೆಕ್ಕ. ನೆತ್ತಿ ತೆಳುವಾಗುತ್ತಿರುವುದು ಕನ್ನಡಿಯಲ್ಲಿ ಕಂಡಾಗ "ಬಿಡುವುದಾದರೆ ಈಗಲೇ" ಅನ್ನಿಸುವುದು ಸಹಜ.

ಒಮ್ಮೆ ಕತ್ತರಿಸಿದ ಮೇಲೆ ಮತ್ತೆ ಉದ್ದ ಕೂದಲಿಗೆ ಮರಳಿದವರೂ ಇದ್ದಾರೆ. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ನಿಮಗೆ ನೆನಪಿರಬಹುದು. 2006ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನದ ಆಗಿನ ಅಧ್ಯಕ್ಷ ಪರ್ವೇಜ್ ಮುಷರಫ್ ಅವರು ಧೋನಿಯವರ ಉದ್ದ ಕೂದಲನ್ನು ಹೊಗಳಿ, ಕತ್ತರಿಸಬೇಡಿ ಎಂದಿದ್ದರು. ಮರುವರ್ಷ ಧೋನಿ ಕತ್ತರಿಸಿದರು. 2024ರ ಐಪಿಎಲ್‌ನಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವರು ಮತ್ತೆ ಉದ್ದ ಕೂದಲು ಬಿಟ್ಟುಕೊಂಡು ಆಡಿದರು.

ನಲವತ್ತು ದಾಟಿದ ಹೆಂಗಸರು ಬಾಬ್‌ಕಟ್ ಮಾಡಿಸಿಕೊಂಡಾಗಲೂ ಊರು ಇದೇ ಪ್ರಶ್ನೆ ಕೇಳುತ್ತದೆ ಎಂಬುದನ್ನು ಗಮನಿಸಿ. ಹೆಂಗಸರಿಗೆ ಉದ್ದ, ಗಂಡಸರಿಗೆ ಗಿಡ್ಡ ಎಂದು ಬೇರೆಯವರು ಹಾಕಿಕೊಟ್ಟ ಅಳತೆಯನ್ನು ಇಬ್ಬರೂ ಬದಲಿಸುತ್ತಿದ್ದಾರೆ.

ಇನ್ನು ಕೆಲವು ಉಪಯುಕ್ತ ಸೂಚನೆಗಳು

ಒಂದು: ಕಿವಿ ಮುಚ್ಚಿ, ಗಂಟಿಗೂ ಸಿಗದೆ ಕೂದಲು ಕೆದರುವ ತಿಂಗಳುಗಳಲ್ಲೇ ಹೆಚ್ಚಿನವರು ಬೇಸತ್ತು ಕತ್ತರಿಸಿಬಿಡುತ್ತಾರೆ. ನಿಮ್ಮವರು ಆ ಘಟ್ಟ ದಾಟಿದ್ದಾರೆ. ಮೂರು ನಾಲ್ಕು ತಿಂಗಳಿಗೊಮ್ಮೆ ತುದಿ ಮಾತ್ರ ಸಮ ಮಾಡಿಸಿದರೆ ಸೀಳುವುದು ಕಡಿಮೆಯಾಗುತ್ತದೆ.

ಎರಡು: ಒದ್ದೆ ಕೂದಲು ಸುಲಭವಾಗಿ ತುಂಡಾಗುತ್ತದೆ. ಒರೆಸಿ ಆರಿದ ಮೇಲೆ, ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಲಿ. ನಿಮಗೆ ಗೊತ್ತಿರುವ ವಿದ್ಯೆ ಇದು, ಅವರಿಗೂ ಹೇಳಿಕೊಡಿ.

ಮೂರು: ಕಟ್ಟುವಾಗ ಸಡಿಲವಾಗಿ, ಬಟ್ಟೆ ಸುತ್ತಿದ ಬ್ಯಾಂಡಿನಲ್ಲಿ ಕಟ್ಟಲಿ. ಬರಿಯ ರಬ್ಬರ್‌ಬ್ಯಾಂಡ್ ಬೇಡ. ಹೆಲ್ಮೆಟ್ ಹಾಕುವಾಗ ಗಂಟು ಕತ್ತಿನ ಹತ್ತಿರ ಕೆಳಗಿರಲಿ. ತಿರುಗುವ ಯಂತ್ರ, ಪಂಪ್‌ಸೆಟ್ಟಿನ ಬೆಲ್ಟ್ ಇರುವ ಕಡೆ ಕೂದಲನ್ನು ಟೋಪಿಯೊಳಗೆ ಸೇರಿಸಲೇಬೇಕು.

ನಾಲ್ಕು: ಇದ್ದಕ್ಕಿದ್ದಂತೆ ಹಿಡಿಹಿಡಿಯಾಗಿ ಉದುರಿದರೆ, ನಾಣ್ಯದಗಲ ಖಾಲಿಯಾದರೆ, ನೆತ್ತಿಯಲ್ಲಿ ಉರಿ, ಹೊಪ್ಪಳೆ ಕಂಡರೆ ಚರ್ಮವೈದ್ಯರಿಗೆ ತೋರಿಸಿ. ಡೆಂಗಿಯಂಥ ಜ್ವರವೋ ದೊಡ್ಡ ಶಸ್ತ್ರಚಿಕಿತ್ಸೆಯೋ ಆದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು; ಸಾಮಾನ್ಯವಾಗಿ ಅದು ತಾನಾಗಿ ಸರಿಹೋಗುತ್ತದೆ. ಥೈರಾಯ್ಡ್, ಕಬ್ಬಿಣದ ಕೊರತೆಯೂ ಕಾರಣವಾಗಬಹುದು.

ಐದು: ಮುಂದೊಂದು ದಿನ ಕತ್ತರಿಸಬೇಕೆನಿಸಿದರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡವರ ವಿಗ್ಗಿಗಾಗಿ ಅದನ್ನು ದಾನ ಮಾಡಬಹುದು. ಅನೇಕ ಸಂಸ್ಥೆಗಳು ಸುಮಾರು 12 ಇಂಚು ಉದ್ದದ, ಬಣ್ಣ ಹಚ್ಚದ ಕೂದಲನ್ನು ಕೇಳುತ್ತವೆ. ನಿಯಮಗಳು ಬೇರೆಬೇರೆ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ, "ಸುಮ್ಮನೆ" ಎಂಬ ಅವರ ಉತ್ತರವನ್ನು ಅವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಬೇಡಿ. ಇಷ್ಟು ವರ್ಷ ಕತ್ತರಿಸಿಕೊಳ್ಳುವುದಕ್ಕೆ ಯಾರೂ ಅವರಿಂದ ಕಾರಣ ಕೇಳಿರಲಿಲ್ಲ. ಬಿಡುವುದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇಲ್ಲದಿರಬಹುದು. ಬಿಡುವಿನ ಹೊತ್ತಿನಲ್ಲಿ "ಯಾಕೆ ಬಿಟ್ಟಿರಿ" ಎನ್ನುವ ಬದಲು "ಹೇಗನ್ನಿಸುತ್ತಿದೆ" ಎಂದು ಕೇಳಿ ನೋಡಿ, ಬಹುಶಃ ಹೆಚ್ಚು ಮಾತಾಡುತ್ತಾರೆ. ನಿಮಗೆ ಅದು ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನೂ ಪ್ರೀತಿಯಿಂದ ಹೇಳಿ. ಜೊತೆಗಿರುವವರಿಗೆ ಆ ಹಕ್ಕಿದೆ. ನೆಂಟರು ಕೇಳಿದರೆ "ಹರಕೆ ಇಲ್ಲ, ಅವರಿಗೆ ಇಷ್ಟ" ಎಂದರೆ ಸಾಕು. ಅದು ಪೂರ್ತಿ ಉತ್ತರವೇ.