ಇಂಜನಿಯರಿಂಗ್ ನನಗೆ ಒಗ್ಗುವುದೆ?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಅನೇಕ ಮನೆಗಳಲ್ಲಿ ಕೇಳಿಬರುವ ಮಾತೊಂದುಂಟು: “ಮಗು ಗಣಿತದಲ್ಲಿ ಚುರುಕು, ಇಂಜನಿಯರಿಂಗಿಗೆ ಸೇರಿಸಿಬಿಡಿ.” ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಇಂಜನಿಯರಿಂಗ್ ಎಂದರೇನು, ಅದರಲ್ಲಿ ದಿನವೂ ಮಾಡಬೇಕಾದ ಕೆಲಸ ಎಂಥದು ಎಂಬುದನ್ನು ಆ ಮಗುವಿಗೆ ತಿಳಿಸಿಕೊಡುವವರು ವಿರಳ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಜನಿಯರಿಂಗಿನ ಮೊದಲ ವರ್ಷವನ್ನು ಮುಗಿಸಿ ನನ್ನನ್ನು ಕಾಣಲು ಬಂದಿದ್ದ. “ಸಾರ್, ನಾನು ಆರಿಸಿಕೊಂಡದ್ದು ಏನೆಂಬುದೇ ನನಗೆ ಗೊತ್ತಿರಲಿಲ್ಲ” ಎಂದ. ಒಳ್ಳೆಯ ಅಂಕಗಳನ್ನು ಪಡೆದಿದ್ದವನ ಬಾಯಿಂದ ಬಂದ ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಾಲ್ಕು ವರ್ಷಗಳ ಓದನ್ನೂ ಮುಂದಿನ ಬಾಳನ್ನೂ ಪಣಕ್ಕಿಡುವ ಮುನ್ನ ಆ ವಿದ್ಯೆಯ ಮುಖಪರಿಚಯವನ್ನಾದರೂ ಮಾಡಿಕೊಳ್ಳಬೇಡವೆ?

ಇಂಜನಿಯರಿಂಗ್ ಎಂದರೆ ಕೇವಲ ಅನ್ವಯಿಸಿದ ಭೌತಶಾಸ್ತ್ರವಲ್ಲ. “ಇದು ಹೀಗೇಕೆ?” ಎಂಬುದು ವಿಜ್ಞಾನಿಯ ಪ್ರಶ್ನೆ. “ಇರುವ ಹಣ, ಕಾಲ ಮತ್ತು ಸಾಮಗ್ರಿಗಳಲ್ಲಿ ಇದನ್ನು ಸಾಧಿಸುವುದು ಹೇಗೆ?” ಎಂಬುದು ಇಂಜನಿಯರನ ಪ್ರಶ್ನೆ. ಈ ಭೇದವನ್ನು ನಮ್ಮ ನಾಡಿನದೇ ಆದ ಒಂದು ಉದಾಹರಣೆಯಿಂದ ತಿಳಿಯೋಣ.

ಶಿವನಸಮುದ್ರದಿಂದ ಕೋಲಾರಕ್ಕೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಆಳಕ್ಕಿಳಿದಂತೆಲ್ಲ ಅಲ್ಲಿನ ಯಂತ್ರಗಳಿಗೆ ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಸಮೀಪದಲ್ಲಿ ಕಲ್ಲಿದ್ದಲು ಇರಲಿಲ್ಲ. ಶಕ್ತಿಯೇನೋ ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ ವ್ಯರ್ಥವಾಗಿ ಧುಮುಕುತ್ತಿತ್ತು. ಆದರೆ ಅಲ್ಲಿಂದ ಗಣಿಗಳಿಗೆ ಸುಮಾರು 147 ಕಿಲೋಮೀಟರುಗಳ ದೂರ. ದಿವಾನ್ ಕೆ. ಶೇಷಾದ್ರಿ ಅಯ್ಯರರ ಆಡಳಿತದಲ್ಲಿ ಯೋಜನೆ ರೂಪುಗೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿದುದಾಗಿತ್ತು.

ಆ ಮಾರ್ಗದಲ್ಲಿ ವಿದ್ಯುತ್ತನ್ನು ಸಾಗಿಸಿದ್ದು 35,000 ವೋಲ್ಟುಗಳ ಒತ್ತಡದಲ್ಲಿ. ಅಷ್ಟೊಂದು ಒತ್ತಡ ಏಕೆ? ಸುಲಭವಾಗಲೆಂದು ಒಂದು ಕಾಲ್ಪನಿಕ ಲೆಕ್ಕವನ್ನು ಮಾಡೋಣ. ಕಳುಹಿಸಬೇಕಾದುದು 3,500 ಕಿಲೋವ್ಯಾಟ್, ತಂತಿಗಳ ಒಟ್ಟು ರೋಧ 20 ಓಮ್ ಎಂದಿಟ್ಟುಕೊಳ್ಳಿ. ಒತ್ತಡ 3,500 ವೋಲ್ಟಾದರೆ ಪ್ರವಾಹ 1,000 ಆಂಪಿಯರ್ ಆಗಬೇಕು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಅಂದರೆ 20,000 ಕಿಲೋವ್ಯಾಟ್! ಕಳುಹಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು, ಇದು ಅಸಾಧ್ಯ. ಒತ್ತಡವನ್ನು ಹತ್ತು ಪಟ್ಟು ಏರಿಸಿದರೆ ಪ್ರವಾಹ 100 ಆಂಪಿಯರಿಗೆ ಇಳಿಯುತ್ತದೆ. ನಷ್ಟವು ನೂರರಲ್ಲೊಂದು ಪಾಲಾಗಿ 200 ಕಿಲೋವ್ಯಾಟ್ ಮಾತ್ರವಾಗುತ್ತದೆ.

ಇಷ್ಟು ಭೌತಶಾಸ್ತ್ರ. ಇಂಜನಿಯರಿಂಗ್ ಆರಂಭವಾಗುವುದು ಇದರ ಮುಂದೆ. ಒತ್ತಡ ಏರಿದಂತೆ ವಿದ್ಯುತ್ತು ಕಂಬದ ಮೂಲಕ ನೆಲಕ್ಕೆ ಹಾರಲು ಹವಣಿಸುತ್ತದೆ. ಅದನ್ನು ತಡೆಯಲು ಉತ್ತಮ ಪಿಂಗಾಣಿಯ ಅವಾಹಕಗಳು ಬೇಕು. ತಂತಿಯನ್ನು ದಪ್ಪ ಮಾಡಿದರೆ ರೋಧ ಕುಗ್ಗುತ್ತದೆ. ಆದರೆ ತಾಮ್ರದ ಬೆಲೆಯೂ ತೂಕವೂ ಹೆಚ್ಚಿ, ಕಂಬಗಳು ಹತ್ತಿರ ಹತ್ತಿರ ಬೇಕಾಗುತ್ತವೆ. ಪಠ್ಯಪುಸ್ತಕದ ಕೊನೆಯ ಪುಟದಲ್ಲಿ ಇದಕ್ಕೆ ಉತ್ತರವಿಲ್ಲ. ಇರುವುದು ಹಲವು ಉತ್ತರಗಳು. ಅವುಗಳನ್ನು ತೂಗಿ ನೋಡಿ ಒಂದನ್ನು ಆರಿಸಿ, ಅದರ ಹೊಣೆಯನ್ನು ಹೊರುವವನೇ ಇಂಜನಿಯರು.

ಹೊಣೆ ಅಲ್ಲಿಗೇ ಮುಗಿಯುವುದೂ ಇಲ್ಲ. ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗ ವಿದ್ಯುತ್ತೂ ಕುಗ್ಗುತ್ತಿತ್ತು. ನದಿಯ ನೀರನ್ನು ಕೂಡಿಡದೆ ಗತಿಯಿರಲಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಗೆ ನೀರಾವರಿಯೊಡನೆ ಇದೂ ಒಂದು ಪ್ರಮುಖ ಕಾರಣ. ಆಗ ಮೈಸೂರಿನ ಮುಖ್ಯ ಇಂಜನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಆ ಕಟ್ಟೆಗೆ ಸಿಮೆಂಟಿಗೆ ಬದಲಾಗಿ, ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಬೆರೆತ ಸುರ್ಕಿ ಗಾರೆಯನ್ನು ಬಳಸಿದರು. ಕೈಗೆಟುಕುವ ಸಾಮಗ್ರಿಯಿಂದ ಕಾರ್ಯಸಾಧನೆ ಎಂದರೆ ಇದೇ ಅಲ್ಲವೆ?

ಶಾಖೆಗಳ ಪರಿಚಯ

ಈ ಒಂದು ಕಾರ್ಯದಲ್ಲಿ ಎಷ್ಟು ಶಾಖೆಗಳು ಕೈಜೋಡಿಸಿವೆ, ನೋಡಿ. ಕಾಲುವೆ, ಕಟ್ಟೆಗಳು ಸಿವಿಲ್ ಇಂಜನಿಯರಿಂಗಿನವು. ನೀರಿನ ರಭಸಕ್ಕೆ ತಿರುಗುವ ಟರ್ಬೈನು ಮೆಕ್ಯಾನಿಕಲ್ ಶಾಖೆಯದು. ಜನಕಯಂತ್ರ, ಪರಿವರ್ತಕ, ತಂತಿಗಳು ಎಲೆಕ್ಟ್ರಿಕಲ್ ಶಾಖೆಗೆ ಸೇರಿದವು. ಅವಾಹಕದ ಪಿಂಗಾಣಿ ಮತ್ತು ತಂತಿಯ ಲೋಹ ಸಾಮಗ್ರಿಶಾಸ್ತ್ರಕ್ಕೆ ಸಂಬಂಧಿಸಿದವು. ಇಂದು ಇವುಗಳ ಜೊತೆಗೆ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಶಾಖೆಗಳೂ ಸೇರಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಕೇಂದ್ರವಿದೆ. ಮೋಡ ಕವಿದರೆ ಅಲ್ಲಿನ ಉತ್ಪತ್ತಿ ಇಳಿಯುತ್ತದೆ. ಇಂತಹ ಏರಿಳಿತವನ್ನು ಮುಂದಾಗಿ ಊಹಿಸಿ, ಬೇರೆಡೆಯ ವಿದ್ಯುತ್ತಿನಿಂದ ಕೊರತೆಯನ್ನು ತುಂಬುವ ಏರ್ಪಾಡಿನಲ್ಲಿ ಗಣಕದ ಪಾತ್ರ ದೊಡ್ಡದು. ಆದುದರಿಂದ “ಯಾವ ಶಾಖೆಗೆ ಬೆಲೆ ಹೆಚ್ಚು?” ಎಂದು ಕೇಳುವ ಬದಲು “ಈ ಕೆಲಸದ ಯಾವ ಭಾಗ ನನ್ನನ್ನು ಸೆಳೆಯುತ್ತದೆ?” ಎಂದು ಕೇಳಿಕೊಳ್ಳುವುದು ಲೇಸು.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

ಇದಕ್ಕೆ ಪ್ರಯೋಗಶಾಲೆ ಬೇಡ. ನಿಮ್ಮ ಮನೆಯ ಅಥವಾ ಶಾಲೆಯ ನೀರಿನ ಪಂಪೇ ಸಾಕು. ಕೆಳಗಣ ತೊಟ್ಟಿಯ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಗೆ ಎಷ್ಟು ಎತ್ತರವೆಂದು ಅಳೆಯಿರಿ. ತೊಟ್ಟಿ ತುಂಬಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿ. 1,000 ಲೀಟರ್ ನೀರು 15 ಮೀಟರ್ ಎತ್ತರಕ್ಕೆ 10 ನಿಮಿಷಗಳಲ್ಲಿ ಏರಿತೆನ್ನೋಣ. ಆದ ಕೆಲಸ 1,000 × 9.8 × 15, ಅಂದರೆ 1,47,000 ಜೂಲ್. ಇದನ್ನು 600 ಸೆಕೆಂಡುಗಳಿಂದ ಭಾಗಿಸಿದರೆ 245 ವ್ಯಾಟ್. ಮೋಟಾರಿನ ಫಲಕದ ಮೇಲೆ ಒಂದು ಅಶ್ವಶಕ್ತಿ, ಅಂದರೆ 746 ವ್ಯಾಟ್ ಎಂದು ಬರೆದಿದ್ದರೆ, ನೀರಿಗೆ ದೊರೆತದ್ದು ಮೂರರಲ್ಲೊಂದು ಪಾಲು ಮಾತ್ರ!

ಉಳಿದುದೆಲ್ಲಿ? ಪಂಪಿನೊಳಗಣ ಸುಳಿಗಳಲ್ಲಿಯೆ? ಕೊಳವೆಯ ಘರ್ಷಣೆಯಲ್ಲಿ, ತಿರುವುಗಳಲ್ಲಿಯೆ? ಅಥವಾ ಮೋಟಾರು ತನ್ನ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತಲೇ ಇಲ್ಲವೆ? ಈ ಪ್ರಶ್ನೆಗಳು ನಿಮ್ಮನ್ನು ಕಾಡಿದರೆ, ಕೊಳವೆಯನ್ನು ಬದಲಿಸಿದರೆ ತಗಲುವ ವೆಚ್ಚ ಎಷ್ಟು, ಉಳಿಯುವ ವಿದ್ಯುತ್ತು ಎಷ್ಟು ಎಂದು ಲೆಕ್ಕ ಹಾಕುವ ಮನಸ್ಸಾದರೆ, ಇಂಜನಿಯರಿಂಗ್ ನಿಮಗೆ ಒಗ್ಗೀತು. ತೊಟ್ಟಿ ತುಂಬಿದೊಡನೆ ಪಂಪು ತಾನಾಗಿ ನಿಲ್ಲುವಂತೆ ಮಾಡುವ ಬಯಕೆ ಹುಟ್ಟಿದರೆ ಎಲೆಕ್ಟ್ರಾನಿಕ್ಸಿನ ಕಡೆಗೆ ನೋಡಿ. ಎತ್ತಿದ ನೀರಿನಲ್ಲಿ ಏನಿದೆ, ಅದು ಕುಡಿಯಲು ಯೋಗ್ಯವೆ ಎಂಬುದೇ ನಿಮ್ಮ ಕುತೂಹಲವಾದರೆ ರಸಾಯನಶಾಸ್ತ್ರ ಅಥವಾ ಜೀವಶಾಸ್ತ್ರ ನಿಮ್ಮನ್ನು ಕರೆಯುತ್ತಿರಬಹುದು, ಅದೇನೂ ಕೊರತೆಯಲ್ಲ. ಅಳೆಯುವಾಗ ವಿದ್ಯುತ್ ತಂತಿಗಳನ್ನು ಮಾತ್ರ ಮುಟ್ಟಕೂಡದು.

ದಾರಿಗಳು ಎರಡು

ಎಸ್.ಎಸ್.ಎಲ್.ಸಿ. ಆದ ಬಳಿಕ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಎರಡು ವರ್ಷಗಳ ಪಿ.ಯು.ಸಿ. ಮುಗಿಸಿ, ಪ್ರವೇಶಪರೀಕ್ಷೆಯ ಮೂಲಕ ನಾಲ್ಕು ವರ್ಷಗಳ ಪದವಿಗೆ ಸೇರುವುದು ಒಂದು ದಾರಿ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷಗಳ ಡಿಪ್ಲೊಮಾ ಪಡೆಯುವುದು ಇನ್ನೊಂದು. ಈ ಎರಡನೆಯದನ್ನು ಕೀಳೆಂದು ಬಗೆಯುವುದು ತಪ್ಪು. ಡಿಪ್ಲೊಮಾ ಪಡೆದವರು ಬೇಗ ಕೆಲಸಕ್ಕೆ ಸೇರಬಹುದು. ಪ್ರವೇಶಪರೀಕ್ಷೆ ಬರೆದು ಪದವಿಯ ಎರಡನೆಯ ವರ್ಷಕ್ಕೇ ನೇರವಾಗಿ ಸೇರಲೂಬಹುದು. ಪುಸ್ತಕಕ್ಕಿಂತ ಯಂತ್ರದ ಮುಂದೆ ಬುದ್ಧಿ ಚುರುಕಾಗುವ ವಿದ್ಯಾರ್ಥಿಗೆ ಇದು ಸಹಜವಾದ ಮಾರ್ಗ. ಪ್ರವೇಶದ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದತಕ್ಕದ್ದು.

ನಿರ್ಧಾರಕ್ಕೆ ಇನ್ನೂ ಕೆಲವು ತಿಂಗಳುಗಳಿರುವಾಗಲೇ ಈ ಪರೀಕ್ಷೆಯನ್ನು ಮಾಡಿ ನೋಡಿ. ನಿಮ್ಮೂರಿನ ವಿದ್ಯುತ್ ಉಪಕೇಂದ್ರಕ್ಕೋ ಕಾರ್ಖಾನೆಗೋ ಅಧ್ಯಾಪಕರೊಡನೆ ಅನುಮತಿ ಪಡೆದು ಹೋಗಿ, ಅಲ್ಲಿ ದುಡಿಯುವವರನ್ನು “ನಿಮ್ಮ ದಿನ ಹೇಗೆ ಕಳೆಯುತ್ತದೆ?” ಎಂದು ಕೇಳಿ. ಬಳಿಕ “ಇದನ್ನು ನಾನು ಮಾಡಬಲ್ಲೆ” ಎಂದೋ “ಇದು ನನಗಲ್ಲ” ಎಂದೋ ನಿಮಗೇ ತಿಳಿಯುವುದು. ಅಳೆದು ನೋಡಿ ಪಡೆದ ಉತ್ತರವಾದುದರಿಂದ ಎರಡೂ ಒಳ್ಳೆಯ ಉತ್ತರಗಳೇ.