ಕಡಲೆಹಿಟ್ಟು ಬಾಯಿಗೋ, ಮೈಗೋ?

ಕೂಸಿನ ಇಸುಬಿಗೆ ಮುಲಾಮು ಹಚ್ಚತೊಡಗಿದ ಕೆಲವು ತಿಂಗಳಲ್ಲೇ ಮೊಟ್ಟೆಯೋ ಶೇಂಗಾವೋ ಒಗ್ಗದೆ ಮೈಮೇಲೆ ದದ್ದು ಎದ್ದರೆ, ಹೆತ್ತವರ ಅನುಮಾನ ಮೊದಲು ಹೋಗುವುದು ಆ ಟ್ಯೂಬಿನ ಮೇಲೆ. ಮುಂಬಯಿಯ ಜೋಗೇಶ್ವರಿಯ ನಮ್ಮಂಥವರಿಗೆ ಅದರಲ್ಲಿರುವ ಸ್ಟೀರಾಯ್ಡ್ ಎಂದರೆ ಮೊದಲೇ ಅಂಜಿಕೆ. ಗಜಕರ್ಣಕ್ಕೂ ಮುಖ ಬೆಳ್ಳಗಾಗಲಿಕ್ಕೂ ಅದನ್ನೇ ಬಳಿದು ಚರ್ಮ ಕೆಡಿಸಿಕೊಂಡವರು ಈ ಊರಲ್ಲಿ ಕಡಿಮೆಯಿಲ್ಲ. ಆದರೂ ನಾನು ಕಲಿತ ಮೊದಲ ಪಾಠ, ಇದು ಅಜ್ಜಿಯ ಕೋಳಿ ಕೂಗಿ ಬೆಳಗಾದ ಲೆಕ್ಕ ಎಂಬುದು. ಇಸುಬು ಹೆಚ್ಚಾಗಿ ಹುಟ್ಟಿದ ವರ್ಷದೊಳಗೇ ಕಾಣಿಸುತ್ತದೆ. ಮೇಲೂಟ ಆರಂಭವಾಗುವುದೂ, ಆಹಾರದ ಅಲರ್ಜಿ ಹೊರಬೀಳುವುದೂ ಆಗಲೇ.

ಹಾಗೆಂದು ಅನುಮಾನ ಪೂರ್ತಿ ಹುಸಿಯೂ ಅಲ್ಲ. 2003ರಲ್ಲಿ ಗಿಡಿಯಾನ್ ಲ್ಯಾಕ್ ಮತ್ತು ಸಂಗಡಿಗರು ಇಂಗ್ಲೆಂಡಿನ ಮಕ್ಕಳನ್ನು ಅಧ್ಯಯನ ಮಾಡಿ, ಶೇಂಗಾ ಎಣ್ಣೆ ಬೆರೆತ ಚರ್ಮದ ಕ್ರೀಮಿಗೂ ಶೇಂಗಾ ಅಲರ್ಜಿಗೂ ನಂಟು ಕಂಡರು. ಅಲ್ಲಿ ಸಂಶಯಕ್ಕೆ ಗುರಿಯಾದದ್ದು ಮದ್ದಲ್ಲ, ಮದ್ದಿನೊಡನೆ ಬಂದ ಎಣ್ಣೆ. ಚರ್ಮದ ಗೋಡೆ ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷ ಇಸುಬಿಗೆ ದಾರಿಮಾಡುತ್ತದೆಂದು 2006ರಲ್ಲಿ ತಿಳಿಯಿತು. ಆ ಗೋಡೆ ಬಿರುಕುಬಿಟ್ಟಲ್ಲಿ ಆಹಾರದ ಕಣ ನುಸುಳಿದರೆ ಮೈ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಆಹಾರ ಹೊಟ್ಟೆಯ ದಾರಿಯಲ್ಲಿ ಬಂದರೆ ಬಹುಮಟ್ಟಿಗೆ ಒಗ್ಗಿಸಿಕೊಳ್ಳುತ್ತದೆ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಸೇರಿಸಿದ ಮುಖದ ಸೋಪು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿ ತಿಂದರೆ ಆಗದ ಸ್ಥಿತಿ ಬಂತು. ಅವರಲ್ಲಿ ಬಹುತೇಕರು ಅದಕ್ಕೆ ಮೊದಲು ಗೋಧಿಯನ್ನು ನಿಶ್ಚಿಂತೆಯಿಂದ ತಿನ್ನುತ್ತಿದ್ದ ದೊಡ್ಡವರು. ಇದನ್ನೆಲ್ಲ ಓದಿದ ಮೇಲೆ ಟ್ಯೂಬಿಗಿಂತ ನಮ್ಮ ಬಚ್ಚಲುಮನೆಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮಾಲೀಶಿನ ಹೆಂಗಸು ತಿಕ್ಕುವ ಬಾದಾಮಿ ಎಣ್ಣೆ, ಸಾಸಿವೆ ಎಣ್ಣೆ, ಆಮೇಲೆ ಕಡಲೆಹಿಟ್ಟು, ಹಾಲಿನ ಕೆನೆ: ಎಲ್ಲವೂ ಅಡುಗೆಮನೆಯಿಂದ ಬಂದವೇ. ಗಟ್ಟಿ ಚರ್ಮದ ಕೂಸಿಗೆ ಇವು ತೊಂದರೆ ಮಾಡುತ್ತವೆ ಎನ್ನಲಾರೆ. ಕೆರೆದು ಹಸಿಯಾದ ಮೈಗೆ ಇವನ್ನು ಸೋಕಿಸುವ ಧೈರ್ಯ ನನಗಿಲ್ಲ.

ತಪ್ಪು ಮುಲಾಮಿನದಲ್ಲ ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ಯಕೃತ್ತಿನ ಕಸಿಯಾಗಿ ಟ್ಯಾಕ್ರೋಲಿಮಸ್ ನುಂಗುವ ಮಕ್ಕಳಲ್ಲಿ ಹೊಸದಾಗಿ ಆಹಾರದ ಅಲರ್ಜಿ ಕಂಡದ್ದು ನಿಜ, ಇಸುಬಿಗೆ ಹಚ್ಚುವ ಒಂದು ಮುಲಾಮಿನಲ್ಲಿರುವುದೂ ಅದೇ ಮದ್ದು. ಆದರೆ ನುಂಗಿದ್ದು ಮೈಯೆಲ್ಲ ಸೇರುತ್ತದೆ, ಹಚ್ಚಿದ್ದರಲ್ಲಿ ರಕ್ತಕ್ಕೆ ಇಳಿಯುವುದು ಅತ್ಯಲ್ಪ. ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಲಾಗದು. ಸ್ಟೀರಾಯ್ಡಿನ ಮಟ್ಟಿಗಂತೂ ಪುರಾವೆ ಎದುರು ದಿಕ್ಕಿಗೇ ಇದೆ. 2023ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಎಳೆಗೂಸುಗಳ ಇಸುಬಿಗೆ ಮೊದಲಿನಿಂದಲೇ ಬಿಗಿಯಾಗಿ ಸ್ಟೀರಾಯ್ಡ್ ಹಚ್ಚಿದಾಗ ಮೊಟ್ಟೆಯ ಅಲರ್ಜಿ ಶೇ. 41.9ರಿಂದ 31.4ಕ್ಕೆ ಇಳಿಯಿತು. ಅದಕ್ಕೆ ಬೆಲೆಯೂ ತೆರಬೇಕಾಯಿತೆನ್ನಿ: ಆ ಕೂಸುಗಳ ತೂಕ, ಉದ್ದ ತುಸು ಕಡಿಮೆಯಾದವು. ಆದ್ದರಿಂದ ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಹೆದರಿ ಅರ್ಧಕ್ಕೆ ಬಿಟ್ಟರೆ ಬಿರುಕು ಹಾಗೇ ಉಳಿಯುತ್ತದೆ. ಇನ್ನು ಇಸುಬಿಗೆಂದು ಹಾಲು, ಮೊಟ್ಟೆ, ಶೇಂಗಾಗಳನ್ನು ನಾವೇ ಬಿಡಿಸುವ ಪಥ್ಯ ಮದ್ದಿಗಿಂತ ಅಪಾಯದ್ದು. 2015ರ ಲೀಪ್ ಪ್ರಯೋಗದಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಕೂಸುಗಳಿದ್ದವು. ಶೇಂಗಾವನ್ನು ಬೇಗನೆ ತಿಂದವರಲ್ಲಿ ಅದರ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ. ಅಲ್ಲಿಯೂ ಮೊದಲು ಚರ್ಮದ ಪರೀಕ್ಷೆ ಮಾಡಿಯೇ ತಿನ್ನಿಸಿದ್ದರು, ಇಡೀ ಕಾಳನ್ನಲ್ಲ, ಉಸಿರುಗಟ್ಟದಂಥ ಶೇಂಗಾ ತಿನಿಸನ್ನು.