ದೂರದ ವಿಮಾನಯಾನ: ಗಡಿಯಾರದ ಕಾಲ, ದೇಹದ ಕಾಲ

ಮುಂಬಯಿಯಿಂದ ನ್ಯೂಯಾರ್ಕಿಗೆ ಆಕಾಶಮಾರ್ಗದ ದೂರ ಸುಮಾರು 12,500 ಕಿಲೋಮೀಟರು. ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿಯಿಟ್ಟರೆ ಈ ಲೆಕ್ಕ ದೊರೆಯದು. ಭೂಗೋಲದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಬೇಕು. ಆಗ ದಾರವು ಉತ್ತರ ಯೂರೋಪಿನವರೆಗೆ ಏರಿ, ಅನಂತರ ಅಟ್ಲಾಂಟಿಕ್ ಸಾಗರವನ್ನು ದಾಟುವುದು ಕಾಣುತ್ತದೆ. 1960ರಲ್ಲಿ ಏರ್ ಇಂಡಿಯಾ ನ್ಯೂಯಾರ್ಕ್ ಸೇವೆಯನ್ನು ಆರಂಭಿಸಿದಾಗ ಲಂಡನ್ನಿನಲ್ಲಿ ಇಳಿದು ಹೋಗಬೇಕಿತ್ತು. ನಡುವೆ ಎಲ್ಲಿಯೂ ಇಳಿಯದೆ ಹಾರಿದರೆ ಸುಮಾರು 16 ಗಂಟೆ ಬೇಕು. ಮಾರ್ಗ ಸುತ್ತಾದರೆ ಇನ್ನೂ ಹೆಚ್ಚು. ಹಿಂದಿರುಗುವಾಗ ಪಶ್ಚಿಮದಿಂದ ಬೀಸುವ ಮೇಲ್ಗಾಳಿಯ ನೆರವಿನಿಂದ ಒಂದೆರಡು ಗಂಟೆ ಉಳಿಯುವುದುಂಟು.

ಆದರೆ ಟಿಕೆಟಿನಲ್ಲಿ ಅಚ್ಚಾದ ವೇಳೆ ಬೇರೆಯೇ ಕಥೆ ಹೇಳುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ರಾತ್ರಿ ಒಂದೂವರೆಗೆ ಮುಂಬಯಿ ಬಿಟ್ಟವರು ಅದೇ ತಾರೀಖಿನ ಬೆಳಗ್ಗೆ ಏಳಕ್ಕೆ ಅಲ್ಲಿ ಇಳಿಯುತ್ತಾರೆ. ಗಡಿಯಾರದ ಪ್ರಕಾರ ಐದೂವರೆ ಗಂಟೆಯ ಪ್ರಯಾಣ! ದೇಹಕ್ಕಾದರೋ ಆಗಲೇ ಸಂಜೆ ಐದೂವರೆ.

ಮಕ್ಕಳ ಮನೆಗೆ ಹೊರಟ ವಯಸ್ಸಾದ ತಂದೆತಾಯಿಗಳಿಗೆ ಅಪಾಯವಿರುವುದು ಇಲ್ಲಿಯೇ. ದಿನಕ್ಕೊಮ್ಮೆ ನುಂಗುವ ರಕ್ತದೊತ್ತಡದ ಗುಳಿಗೆಯನ್ನು ಭಾರತದ ಬೆಳಗ್ಗೆ ಎಂಟಕ್ಕೆ ವಿಮಾನದಲ್ಲಿ ತೆಗೆದುಕೊಂಡು, ನ್ಯೂಯಾರ್ಕಿನಲ್ಲಿ ಎಂಟು ಹೊಡೆಯಿತೆಂದು ಮತ್ತೊಂದನ್ನು ನುಂಗಿದರೆ, ಎರಡು ದಿನದ ಔಷಧ ಹತ್ತೂವರೆ ಗಂಟೆಯೊಳಗೆ ಹೊಟ್ಟೆಗೆ ಸೇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕ ಇನ್ನೂ ಸೂಕ್ಷ್ಮ. ಪಶ್ಚಿಮಕ್ಕೆ ಹೋಗುವಾಗ ದಿನ ಹಿಗ್ಗುತ್ತದೆ, ಮರಳುವಾಗ ಕುಗ್ಗುತ್ತದೆ. ಪ್ರಮಾಣ ಅದಕ್ಕೆ ತಕ್ಕಂತೆ ಬದಲಾಗಬೇಕಾಗಬಹುದು. ಹೊರಡುವ ಮುನ್ನ ಹೋಗುವ, ಬರುವ ಎರಡೂ ವೇಳಾಪಟ್ಟಿಗಳನ್ನು ವೈದ್ಯರ ಮುಂದಿಟ್ಟು, ಯಾವ ಹೊತ್ತಿಗೆ ಎಷ್ಟು ಎಂದು ಬರೆಯಿಸಿಕೊಳ್ಳುವುದು ಅವಶ್ಯ. ಮನೆಯ ಇನ್ನೊಂದು ಗಡಿಯಾರವನ್ನು ಭಾರತದ ಕಾಲಕ್ಕೇ ಬಿಟ್ಟು ಕೈಚೀಲದಲ್ಲಿಟ್ಟರೆ ಗೊಂದಲ ಕಡಿಮೆ. ಉಪ್ಪಿನಕಾಯಿ, ಚಟ್ನಿಪುಡಿಗಳ ತೂಕಕ್ಕೆ ತೋರುವ ಶ್ರದ್ಧೆಯನ್ನು ಔಷಧದ ವೇಳೆಗೆ ತೋರುವವರು ವಿರಳ.

ಕುಳಿತೇ ಇರುವುದೂ ಸಾಮಾನ್ಯ ಸಂಗತಿಯಲ್ಲ. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವು 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಇದು ಆರು ಸಾವಿರಕ್ಕೆ ಒಬ್ಬರಂತೆ. ಹಿಂದೆ ಹೆಪ್ಪುಗಟ್ಟಿದವರಿಗೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರಿಗೆ ಹೆಚ್ಚು. ಆಗಾಗ್ಗೆ ಎದ್ದು ಓಡಾಡುವುದು, ಕುಳಿತಲ್ಲೇ ಹಿಮ್ಮಡಿಯನ್ನೆತ್ತಿ ಇಳಿಸುವುದು ಹಿತಕರ. ನಿದ್ರೆಗುಳಿಗೆ ನುಂಗಿ ಮುದುಡಿ ಮಲಗುವುದು ಸಲ್ಲದು. ಪ್ರಯಾಣದ ಅನಂತರ ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ, ಇಲ್ಲವೆ ಇದ್ದಕ್ಕಿದ್ದಂತೆ ಉಸಿರುಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ಸುಲಿನ್ನನ್ನು ದೊಡ್ಡ ಪೆಟ್ಟಿಗೆಗೆ ಹಾಕಬಾರದು. ಕೆಳಗಣ ಉಗ್ರಾಣದ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಔಷಧಚೀಟಿಯಲ್ಲಿ ಕಂಪೆನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲನಾಮವನ್ನೂ ಬರೆಯಿಸಬೇಕು, ಏಕೆಂದರೆ ಇಲ್ಲಿನ ಎಷ್ಟೋ ಹೆಸರುಗಳು ಅಲ್ಲಿನ ಔಷಧದಂಗಡಿಯವರಿಗೆ ಅಪರಿಚಿತ.